ಗಾಳಿಬೀಡಿನ ಎರಡನೇ ಗುಂಡು

ಜುಲೈ ಎಂಟು, ಮಂಗಳವಾರ. ಬೆಳಗ್ಗೆ ಹನ್ನೊಂದಕ್ಕೆ ಗಾಳಿಬೀಡಿನ ರೈತ ತೀರ್ಥಪ್ರಸಾದ್ ಕೆಸರುಗಾಲಲ್ಲೇ ಠಾಣೆಗೆ ನುಗ್ಗಿದರು. ಆಗ ತಾನೇ ಒರೆಸಿದ್ದ ನೆಲ. ಹೆಡ್ ಕಾನ್‌ಸ್ಟೆಬಲ್ ನಾಣಯ್ಯ ಮುಖ ಗಂಟಿಕ್ಕಿದರು.

"ಎಂತ ಆಯ್ತು?" ಪಿಎಸ್‌ಐ ಚಿತ್ರಾ ಕೇಳಿದರು.

"ನಾಟಿ ನಿಂತೋಯ್ತು ಮೇಡಂ! ಯಾರೋ ಎರಡು ಗುಂಡು ಹೊಡ್ದ್ರು. ಗದ್ದೇಲಿದ್ದೋರೆಲ್ಲ ಸಸಿ ಕಟ್ಟು ಬಿಸಾಕಿ ಓಡಿದ್ರು."

"ಎಲ್ಲಿಗೆ?"

"ಸಾವಿನ ಮನೆಗೆ."

"ಸತ್ತೋರು ಯಾರು?"

"ಅದೇ ಮೇಡಂ ಕಂಪ್ಲೇಂಟು. ಯಾರೂ ಸತ್ತಿಲ್ಲ!"

ಕೊಡಗಿನಲ್ಲಿ ಒಂದರ ಹಿಂದೊಂದು ಎರಡು ಗುಂಡು ಕೇಳಿದರೆ ಸಾವಿನ ಸುದ್ದಿ. ಕೈಲಿದ್ದ ಕೆಲಸ ಬಿಟ್ಟು ಹೊರಡಲೇಬೇಕು. ಊರವರು ಮೊದಲು ಹಾಸಿಗೆ ಹಿಡಿದಿದ್ದ ಸಾಂತಪ್ಪಜ್ಜನ ಮನೆಗೆ ಓಡಿದ್ದರು. ಅಜ್ಜ ಎದ್ದು ಕೂತು ಅಕ್ಕಿರೊಟ್ಟಿ ತಿನ್ನುತ್ತಿದ್ದ. "ಬಂದದ್ದೇ ಬಂದ್ರಿ, ಕಾಫಿ ಕುಡ್ದು ಹೋಗಿ" ಅಂದನಂತೆ.

"ನಗ್ಬೇಡಿ ಮೇಡಂ, ಯಮುನಕ್ಕನದ್ದೇ ಚಿಂತೆ" ಎಂದು ತೀರ್ಥಪ್ರಸಾದ್ ದನಿ ತಗ್ಗಿಸಿದರು. ಯಮುನಳ ಮಗ ಚೈತನ್ಯ ಗಡಿಯಲ್ಲಿರುವ ಯೋಧ. ಕದನ ನಿಂತು ಎರಡು ತಿಂಗಳಾದರೂ ಅವನಿಗೆ ರಜೆ ಸಿಕ್ಕಿರಲಿಲ್ಲ. ಊರಲ್ಲಿ ಹೆಣ ಸಿಗದಿದ್ದಾಗ ಎಲ್ಲರ ಕಣ್ಣೂ ಯಮುನಳ ಮನೆಯತ್ತ ತಿರುಗಿತ್ತು.

ಎಫ್‌ಐಆರ್ ದಾಖಲಾಯಿತು. ಜೀಪು ಮೊದಲು ಅಲ್ಲಿಗೇ ಹೋಯಿತು. ಯಮುನ ಮೊಬೈಲ್ ಆಫ್ ಮಾಡಿ ಅಕ್ಕಿ ಡಬ್ಬದಲ್ಲಿ ಹೂತಿಟ್ಟು ಗೋಡೆಗೊರಗಿ ಕೂತಿದ್ದಳು. ಕೇಳದಿದ್ದರೆ ಸುದ್ದಿಯೇ ಇಲ್ಲ ಎಂಬ ಹಠ, ಪಾಪ.

"ಮಿಲಿಟರಿಯವರು ಕೋವಿ ಹೊಡ್ದು ಸುದ್ದಿ ಹೇಳಲ್ಲಮ್ಮ" ಎಂದರು ಚಿತ್ರಾ. "ಮಗನ ನಂಬರ್ ಕೊಡಿ."

"ಬೇಡ ಮೇಡಂ. ಹೊಡ್ದೋರು ಯಾರು ಹೇಳಿ ಮೊದ್ಲು. ಅಲ್ಲೀವರೆಗೆ ಒಂದು ತೊಟ್ಟು ನೀರೂ ಬೇಡ ನಂಗೆ."

ಸದ್ದು ಬಂದದ್ದು ಹೊಳೆಯಾಚೆಯಿಂದ. ಅಲ್ಲಿ ಕೋವಿ ಇದ್ದ ಮನೆಗಳು ಮೂರೇ. ನಾಣಯ್ಯ ಒಂದೊಂದೇ ಕೋವಿಯ ನಳಿಗೆ ಮೂಸಿದರು. ಮೊದಲನೆಯದರಲ್ಲಿ ತುಕ್ಕು. ಎರಡನೆಯದರಲ್ಲಿ ಜೇಡ ಸಂಸಾರ ಹೂಡಿತ್ತು. ಮೂರನೆಯದಕ್ಕೆ ಮೂಗಿಟ್ಟವರೇ ಜೋರಾಗಿ ಸೀನಿದರು. ಮದ್ದಿನ ಘಾಟು!

ಅದು ಯಮುನಳ ಬೀಗತಿ ಬೋಜಮ್ಮನ ಮನೆ. ಚೈತನ್ಯನ ಹೆಂಡತಿ ಶೋಭಿತಾ ಅವಳ ಮಗಳು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅಂಗಳದ ದಾಸವಾಳದ ಬುಡದಲ್ಲಿ ಎರಡು ಖಾಲಿ ತೋಟಾ ಸಿಕ್ಕವು. ಪಂಚನಾಮೆ ಬರೆದು ಕೋವಿ ವಶಪಡಿಸಿಕೊಂಡರು. ಒಲೆಯ ಮೇಲೆ ಪಾಯಸ ಕುದಿಯುತ್ತಿತ್ತು.

"ಗುಂಡು ಹೊಡ್ದಿದ್ದು ಯಾರು?"

"ನಾನೇ."

"ಯಾರು ಸತ್ರು?"

"ಥೂ, ಬಿಡ್ತು ಅನ್ನಿ! ಶೋಭಿತಾ ಮಡಿಕೇರಿ ಆಸ್ಪತ್ರೇಲಿ ಅವಳಿ ಹೆತ್ತಳು ಮೇಡಂ. ಒಂದು ಹೈದ, ಒಂದು ಗೂಡೆ. ದಿನ ತುಂಬುವ ಮೊದ್ಲೇ ಬಂದ್ವು, ಅವಸರದ ಮಕ್ಕ!"

"ಚೈತನ್ಯ?"

"ಅವಂಗೆಂತ ಆಯ್ತು? ಈಗಷ್ಟೇ ವಿಡಿಯೋ ಕಾಲಲ್ಲಿ ಮಕ್ಕಳನ್ನ ನೋಡಿ ಕುಣ್ದ. ಅವನಮ್ಮ ಫೋನಿಗೆ ಸಿಗಲ್ಲ ಅಂತ ಬೈದ. ನಾನೂ ಮಾಡಿ ಮಾಡಿ ಸಾಕಾಗಿ, ಪಾಯಸ ಹಿಡ್ಕೊಂಡೇ ಹೋಗುವ ಅಂತ ಒಲೆ ಹಚ್ಚಿದೆ."

ನಾಣಯ್ಯ ಹಣೆ ಚಚ್ಚಿಕೊಂಡರು. "ಗಂಡು ಹುಟ್ಟಿದ್ರೆ ಒಂದೇ ಗುಂಡಲ್ವಾ ಬೋಜಮ್ಮಕ್ಕ? ಹೆಣ್ಣು ಗೂಡೆಗೆ ಯಾರು ಹೊಡೀತಾರೆ?"

"ನಾನು ಹೊಡೀತೇನೆ!"

ಸಂಭ್ರಮಕ್ಕೆ ಗುಂಡು ಹಾರಿಸುವುದೂ ಅಪರಾಧವೇ. ಮಧ್ಯಾಹ್ನ ಒಂದೂವರೆಗೆ ಬೋಜಮ್ಮನನ್ನು ಬಂಧಿಸಲಾಯಿತು. ಪಾಯಸದ ಪಾತ್ರೆ ಬಿಟ್ಟು ಬರಲೊಲ್ಲೆ ಎಂದದ್ದಕ್ಕೆ ಅದೂ ಜೀಪು ಹತ್ತಿತು.

ದಾರಿಯಲ್ಲಿ ಯಮುನಳ ಮನೆ ಮುಂದೆ ಜೀಪು ನಿಂತಿತು. ಚಿತ್ರಾ ವಿಷಯ ಹೇಳಿ ಮುಗಿಸುವುದರೊಳಗೆ ಅವಳು ಓಡಿ ಬಂದು ಬೀಗತಿಯ ಬೆನ್ನಿಗೆ ಎರಡು ಗುದ್ದಿದಳು. "ಮಾರಾಯ್ತಿ, ನನ್ನ ಜೀವ ತೆಗ್ದ್ಯಲ್ಲೇ!" ಎಂದು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅಳುತ್ತಲೇ ನಕ್ಕಳು. ಆಮೇಲೆ ತಾನೇ ಜಾಮೀನು ನಿಲ್ಲುತ್ತೇನೆಂದು ಜೀಪು ಹತ್ತಿದಳು. ಠಾಣೆಯಲ್ಲಿ ಎಲ್ಲರೂ ಪಾಯಸ ತಿಂದರು. ಅಲ್ಲೇ ಕಾದಿದ್ದ ತೀರ್ಥಪ್ರಸಾದ್ ಎರಡು ಸಲ ಹಾಕಿಸಿಕೊಂಡು ನಾಟಿಗೆ ಓಡಿದರು.

ಕೊನೆಗೆ ಚಿತ್ರಾ ಬೋಜಮ್ಮನ ಹೇಳಿಕೆ ಬರೆದುಕೊಂಡರು.

"ಹೈದನಿಗೆ ಒಂದು ಹೊಡ್ದು ಕೋವಿ ಇಳಿಸಿದ್ದೆ ಮೇಡಂ. ಆಗ ಫೋನಲ್ಲಿ ಕಂಡಿದ್ದ ಗೂಡೆ ಮುಖ ಕಣ್ಣಿಗೆ ಬಂತು. ನಾನು ಹುಟ್ಟಿದಾಗ ಯಾರೂ ಹೊಡೀಲಿಲ್ಲ. ಶೋಭಿತಾ ಹುಟ್ಟಿದಾಗ್ಲೂ ಕೋವಿ ಗೋಡೇಲೇ ಇತ್ತು. ಮತ್ತೆ ಎತ್ತಿದೆ."

"ತಪ್ಪು ಒಪ್ಕೊಳ್ತೀರಾ?"

"ಯಮುನಳನ್ನ ಅಳಿಸಿದ್ದು ತಪ್ಪು. ಗೂಡೆಗೆ ಹೊಡ್ದಿದ್ದು ತಪ್ಪಲ್ಲ. ಎರಡನ್ನೂ ಬರ್ಕೊಳ್ಳಿ."

ಚಿತ್ರಾ ಎರಡನ್ನೂ ಬರೆದುಕೊಂಡರು.