ಕೋವಿಯ ಒದೆತ

ಆಟಗಳನ್ನು ಆಡಿ ಪರೀಕ್ಷಿಸುವ ಶಬೀನಾ ಹೊರೆಗವಸು ತೊಟ್ಟು ಪರದೆಯೊಳಗಿನ ಜೋಡುನಳಿಗೆ ಕೋವಿಗೆ ಕೈಹಾಕಿದಳು. ಬರಿಗಾಳಿಯನ್ನು ಹಿಡಿದ ಅವಳ ತೋಳುಗಳು ನಿಜವಾಗಿಯೇ ಕೆಳಕ್ಕೆ ಜಗ್ಗಿದವು. ಎರಡು ಗುಂಡು ಹಾರಿಸಿದಳು. ಮೂರನೆಯದಕ್ಕೆ ಬೆರಳೊತ್ತಿದರೆ ಸದ್ದೇ ಇಲ್ಲ.

“ಕೆಟ್ಟೋಯ್ತು ಮೇಡಂ.”

“ಕೆಟ್ಟಿಲ್ಲ ಕಣೇ. ಎರಡು ನಳಿಗೆ, ಎರಡೇ ತೋಟಾ. ಕೋವಿ ಮಡಚು, ಖಾಲಿ ತೋಟಾ ಕೈಯಲ್ಲೇ ಕೀಳು, ಬೇರೆ ತುಂಬು,” ಎಂದಳು ದೇಚಮ್ಮ.

ಮೈಸೂರಿನ ಆ ವಿಡಿಯೋ ಗೇಮ್ ಕಂಪನಿಯಲ್ಲಿ ಹೊರೆಗವಸನ್ನು ಕಂಡುಹಿಡಿದವಳು ಅವಳೇ. ಎರಡು ಕೈಗವಸು, ಭುಜಕ್ಕೊಂದು ಪಟ್ಟಿ. ಒಳಗೆ ವಿದ್ಯುತ್ ಹರಿದರೆ ಗಟ್ಟಿಯಾಗುವ ದ್ರವ. ಮನೆಮನೆಯ ಕೋವಿಗಳನ್ನೆಲ್ಲ ಸರ್ಕಾರ ವಾಪಸು ಪಡೆದು ಕರಗಿಸಿ ಇಪ್ಪತ್ತು ವರ್ಷವಾಗಿತ್ತು. ಹಾಗಾಗಿ ಈ ಗವಸು ಅಳೆಯುತ್ತಿದ್ದುದು ಕೋವಿಯನ್ನಲ್ಲ, ಎಂದೋ ಕೋವಿ ಹಿಡಿದಿದ್ದವರ ಕೈಯನ್ನು. ಅವರು ನೆನಪಿಸಿಕೊಂಡಾಗ ಸ್ನಾಯುಗಳು ಬಿಗಿಯುವ ರೀತಿಯನ್ನು ಓದಿ, ಅದನ್ನೇ ಇನ್ನೊಬ್ಬರ ಕೈಗೆ ದಾಟಿಸುತ್ತಿತ್ತು. ಹಳೆಯ ಆಟಗಳ ಕೋವಿಗಳಿಗೆ ತೂಕವೇ ಇರಲಿಲ್ಲ. ಅರ್ಧ ತುಂಬಿದ ಗುಂಡಿನ ಮ್ಯಾಗಜೀನ್ ಬಿಸಾಡಿದರೂ ಉಳಿದ ಗುಂಡುಗಳು ತಾವಾಗಿಯೇ ಜೇಬಿಗೆ ಮರಳುತ್ತಿದ್ದವು. ಅದನ್ನು ನೋಡಿದರೆ ದೇಚಮ್ಮನಿಗೆ ಮೈಯೆಲ್ಲ ಉರಿ.

ಈ ಜೋಡುನಳಿಗೆಯನ್ನು ಮಾತ್ರ ಅವಳು ತನ್ನದೇ ಕೈಯ ನೆನಪಿನಿಂದ ತೆಗೆದಿದ್ದಳು. ಅದು ಅವಳ ಅಪ್ಪ ಚೆಂಗಪ್ಪನವರ ಕೋವಿ. ಕೊಡವರಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ವಾಡಿಕೆ. ಹಿಂದಿನ ವರ್ಷ ಅಪ್ಪ ಹೋದಾಗ, ಕೋವಿಯೇ ಇಲ್ಲದ ಊರಿನಲ್ಲಿ ಯಾರೋ ಮೊಬೈಲಿನಿಂದ ಢಂ ಢಂ ಎನ್ನಿಸಿದರು. ಸದ್ದು ಬಂತು, ಯಾರ ಭುಜವೂ ಅಲುಗಲಿಲ್ಲ. ಆ ಕೊರಗು ಅವಳನ್ನು ಬಿಟ್ಟಿರಲಿಲ್ಲ. ವರ್ಷ ತುಂಬುವ ದಿನವಾದರೂ ಅಪ್ಪನಿಗೆ ಅವರದೇ ಕೋವಿಯ ಎರಡು ಗುಂಡು ಸಲ್ಲಬೇಕಿತ್ತು.

ಶಬೀನಾ ಭುಜ ಸವರಿಕೊಂಡಳು. “ಒಂದು ಹೇಳ್ಲಾ ಮೇಡಂ? ತೂಕ ವಿಪರೀತ. ಆದ್ರೆ ಒದೆತ ಏನೇನೂ ಇಲ್ಲ. ಯಾರೋ ಹಿಂದೆ ನಿಂತು ಹಿಡ್ಕೊಂಡಂಗಾಗುತ್ತೆ.”

ದೇಚಮ್ಮ ಕುರ್ಚಿ ಎಳೆದುಕೊಂಡು ಕುಳಿತಳು.

ಆ ಕೋವಿಯನ್ನು ಅವಳು ಹಿಡಿದದ್ದು ಒಂದೇ ಸಲ, ಹನ್ನೊಂದನೆಯ ವಯಸ್ಸಿನಲ್ಲಿ, ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತದ ಹಬ್ಬದಂದು. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಪುಟ್ಟ ಕೈಗೆ ಕೋವಿ ಭಾರವೇ. ಗುಂಡು ಮುಂದಕ್ಕೆ ಹಾರುವಾಗ ಕೋವಿ ಹಿಂದಕ್ಕೆ ತಳ್ಳುತ್ತದೆ. ಆ ಒದೆತವನ್ನು ಹಿಂದೆ ನಿಂತ ಅಪ್ಪ ತಮ್ಮ ಎದೆಯಲ್ಲಿ ತಡೆದುಕೊಂಡಿದ್ದರು. ಗವಸು ಕೋವಿಯ ಜೊತೆಗೆ ಅಪ್ಪನನ್ನೂ ಓದಿಬಿಟ್ಟಿತ್ತು.

“ಬರೋ ವರ್ಷ ನೀನೊಬ್ಬಳೇ ಹೊಡಿಬೇಕು ಮಗಳೇ,” ಎಂದಿದ್ದರು ಅಪ್ಪ. “ಕೋವಿ ಒದಿಬೇಕು. ಒದ್ದರೇ ಅಲ್ವಾ, ಇನ್ನೊಂದು ಗುಂಡಿಗೆ ಮೊದಲು ಮನುಷ್ಯ ಯೋಚನೆ ಮಾಡೋದು?” ಆ ಬರುವ ವರ್ಷದೊಳಗೆ ಕೋವಿ ಠಾಣೆ ಸೇರಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕಂಪನಿಯ ಮುಖ್ಯಸ್ಥ ಫಣಿರಾಜ್ ಈ ತಪ್ಪಿನ ವಿಷಯ ಕೇಳಿ ನಕ್ಕ. “ಹಾಗೇ ಬಿಟ್ಬಿಡಿ ದೇಚಮ್ಮ. ಒದೆಯದ ಕೋವಿನೇ ಜನಕ್ಕೆ ಇಷ್ಟ.”

ಅವಳಿಗೂ ಬಿಟ್ಟುಬಿಡುವ ಆಸೆಯೇ. ಆದರೂ ಗುಂಡಿನ ತೂಕ, ಮದ್ದಿನ ಬಲ ಎಲ್ಲ ಲೆಕ್ಕ ಹಾಕಿ, ಆಟಕ್ಕೆ ಒದೆತವನ್ನು ಪೂರ್ತಿ ಸೇರಿಸಿದಳು. ಒದೆತವಿಲ್ಲದ ಹಳೆಯ ತಪ್ಪಿನ ಒಂದು ಪ್ರತಿಯನ್ನು ತನಗೆಂದು ಉಳಿಸಿಕೊಂಡಳು.

ವರ್ಷ ತುಂಬಿದ ದಿನ ಬೆಳಿಗ್ಗೆ ಊರಿನ ಮನೆಯಲ್ಲಿ, ಅಪ್ಪನನ್ನು ಕೊನೆಯ ಸಲ ಮಲಗಿಸಿದ್ದ ಅಂಗಳದಲ್ಲಿ ಗವಸು ತೊಟ್ಟು ನಿಂತಳು. ಎರಡು ಕೋವಿಗಳೂ ಅದರಲ್ಲಿದ್ದವು. ಒಂದರಲ್ಲಿ ಅಪ್ಪ ಇದ್ದರು, ಇನ್ನೊಂದರಲ್ಲಿ ಅವರ ಮಾತಿತ್ತು. ಕೊನೆಗೆ ಒದೆಯುವ ಕೋವಿಯನ್ನೇ ಎತ್ತಿಕೊಂಡಳು.

ಮೊದಲ ಗುಂಡಿಗೇ ತತ್ತರಿಸಿ ಒಂದು ಹೆಜ್ಜೆ ಹಿಂದೆ ಸರಿದಳು. ಬೆನ್ನಿಗೆ ಯಾವ ಎದೆಯೂ ತಗುಲಲಿಲ್ಲ. ಒಂದು ವರ್ಷದಿಂದ ಬಾರದಿದ್ದ ಅಳು ಆಗ ಬಂತು. ಕಣ್ಣೊರೆಸಿಕೊಂಡು, ಕಾಲೂರಿ, ಎರಡನೆಯದನ್ನೂ ಹಾರಿಸಿದಳು.

ಆ ಆಟ ಹೊರಬಂದ ಮೇಲೆ ಆಡುವವರು ಎರಡನೆಯ ಗುಂಡಿಗೆ ಮೊದಲು ತಡೆದು ನಿಲ್ಲತೊಡಗಿದರಂತೆ. ಇದೆಲ್ಲ ಮುಂದೆಂದೋ ನಡೆಯುವ ಕಥೆ, ಅದಕ್ಕಿನ್ನೂ ಬಹಳ ವರ್ಷಗಳಿವೆ. ಸದ್ಯಕ್ಕೆ ನಮ್ಮ ಆಟಗಳಲ್ಲಿನ ಬೆರಳ ತುದಿಯ ಕೋವಿಗಳನ್ನು ದಿನವಿಡೀ ಹಾರಿಸಿದರೂ ಭುಜ ನೋಯುವುದಿಲ್ಲ. ಹಿಂದೆ ಒಬ್ಬರು ನಿಂತಿರಬೇಕಿತ್ತು ಎಂದು ಯಾರಿಗೂ ಅನ್ನಿಸುವುದೂ ಇಲ್ಲ.