ಆರನೆಯ ಅಂಕೆ

"ಆ ಹಳೇ ಎಂಜಿನ್ ನಂಬರನ್ನ ಬೇರೆ ಕಬ್ಬಿಣದ ಮೇಲೆ ಹೊಡೀಬೇಡ ಮಗಾ. ಹೊಡೆದ ಕೈನೇ ಗಾಡಿಗೆ ಸೇರ್ಕೊಳ್ತದೆ," ಎಂದಳು ಮುದುಕಿ ಲೂಡಿ, ಜಗಲಿಯಲ್ಲಿ ಹುರುಳಿಕಾಯಿ ಮುರಿಯುತ್ತ.

ಟ್ರೆಂಟ್ ನಕ್ಕ. ಓಹಾಯೋ ಬಿಟ್ಟು ಕೆಂಟಕಿಯ ಈ ಕಣಿವೆಗೆ ಬಂದವನು ಅವನು. ಲೂಡಿಯ ಗಂಡ ವರ್ಜಿಲ್ ಪ್ರಾಣ ಬಿಟ್ಟ, ಅರವತ್ತೊಂಬತ್ತನೇ ಇಸವಿಯ ಮಾಡೆಲ್ಲಿನ ರೇಸು ಕಾರನ್ನು ಅವಳಿಂದ ಕೊಂಡು, ಅವಳ ಶೆಡ್ಡಿನಲ್ಲೇ ತುಕ್ಕು ಕೆರೆದು, ಮದುಮಗಳಂತೆ ಸಿಂಗರಿಸಿದ್ದ. ಮೂಲ ಎಂಜಿನ್ ಮಾತ್ರ ಇರಲಿಲ್ಲ. ಗಂಡನ ಕೊನೆಯುಸಿರು ಕುಡಿದ ಕಬ್ಬಿಣವೆಂದು ಲೂಡಿ ಅದಕ್ಕೆ ಒಂಬತ್ತು ಮೊಳೆ ಮಂತ್ರಿಸಿ ಕಟ್ಟಿ, ಅವನ ಪಕ್ಕದಲ್ಲೇ ಹೂಳಿಸಿದ್ದಳು. ಹೆಣಕ್ಕೆ ನಾಲ್ವರು, ಎಂಜಿನ್ನಿಗೆ ಹನ್ನೆರಡು ಜನ ಹೆಗಲು ಕೊಟ್ಟಿದ್ದರು.

"ಗಂಡನಿಗಿಂತ ಎಂಜಿನ್ನಿಗೇ ಜಾಸ್ತಿ ಅತ್ತಿರ್ಬೇಕು ನೀನು."

"ಅದು ಹೇಳಿದ ಮಾತು ಕೇಳ್ತಿತ್ತು ಕಣೋ."

ಎಂಜಿನ್ನಿನ ನಂಬರು ಕಾರಿನ ಚೌಕಟ್ಟಿನ ಮೇಲಿರುವ ನಂಬರಿಗೆ ಹೊಂದಿದರಷ್ಟೇ ಇಂಥ ಕಾರಿಗೆ ಪೂರ್ತಿ ಬೆಲೆ. ಟ್ರೆಂಟ್ ಶೆಡ್ಡಿನ ಬಾಗಿಲೆಳೆದುಕೊಂಡು, ಬೇರೆಲ್ಲಿಂದಲೋ ತಂದ ಎಂಜಿನ್ನಿನ ಮೇಲೆ ಹಳೆಯ ನಂಬರನ್ನೇ ಅಚ್ಚೊತ್ತಿದ. ಆರು ಅಂಕೆ, ಆರು ಪೆಟ್ಟು. ಕೊನೆಯ ಪೆಟ್ಟಿಗೆ ಕತ್ತಲು ಕೆಮ್ಮಿತು. ಸುಟ್ಟ ಎಣ್ಣೆಯೊಳಗಿಂದ ಹಸಿ ಗೋರಿಮಣ್ಣಿನ ವಾಸನೆ ಎದ್ದಿತು.

ಮರುದಿನ ಮಣಿಕಟ್ಟಿನ ಮೇಲೆ ಒಂದು ಅಂಕೆ ಉಬ್ಬಿತ್ತು. ಉಜ್ಜಿದ. ಹೋಗಲಿಲ್ಲ. ಮುಟ್ಟಿದರೆ ಕಬ್ಬಿಣದ ತಣುಪು. ದಿನಕ್ಕೊಂದರಂತೆ ಐದಾದವು.

"ಎಂಜಿನ್ ಮೇಲಿನ ನಂಬರು ಉಜ್ಜಿ ಹಾಕು. ಇನ್ನೊಂದೇ ಬಾಕಿ," ಎಂದಳು ಲೂಡಿ. ಈ ಸಲ ಅವಳ ದನಿಯಲ್ಲಿ ನಗೆಯಿರಲಿಲ್ಲ.

"ನಾಳೆ ಗಿರಾಕಿ ಬರ್ತಾನೆ. ಮಾರಿದ ಮೇಲೆ ನನ್ನ ಕೈ ನಂದು, ಗಾಡಿ ಅವಂದು."

ಟೆನೆಸ್ಸಿಯಿಂದ ಬಂದ ಗಿರಾಕಿ ಹಾರ್ಲೆಸ್ ಕನ್ನಡಿ ಹಿಡಿದು ಬಗ್ಗಿದ. "ಎಂಜಿನ್ ಹೊಂದ್ತು. ಚೌಕಟ್ಟೂ ಹೊಂದ್ತು."

ಟ್ರೆಂಟ್ ಮಾರಾಟದ ಕಾಗದಕ್ಕೆ ಸಹಿ ಹಾಕಿದ. ಮಣಿಕಟ್ಟು ಚುರುಗುಟ್ಟಿ ಆರನೆಯ ಅಂಕೆ ಉಬ್ಬಿತು.

"ಸ್ಟಾರ್ಟ್ ಮಾಡಪ್ಪಾ, ದನಿ ಕೇಳೋಣ," ಎಂದು ಹಾರ್ಲೆಸ್ ಎತ್ತಿದ ಬಾನೆಟ್ಟಿನ ಮರೆಯಲ್ಲಿ ನಿಂತ.

ಟ್ರೆಂಟ್ ಒಳಗೆ ಕೂತು ಕೀಲಿ ತಿರುಗಿಸಿದ. ಕೈ ಬಿಡಿಸಲು ನೋಡಿದ. ಬರಲಿಲ್ಲ. ಬೆರಳು ಕಬ್ಬಿಣ. ಮೊಣಕೈ ಕಬ್ಬಿಣ. ಎದೆಗೆ ತಣುಪು ಏರಿತು. ಗಂಟಲಿಗೆ ಎಣ್ಣೆ ಬಂತು. ಸೀಟು ಮೆತ್ತಗೆ ಬಾಯಿ ತೆರೆಯಿತು. ಎಲ್ಲ ಬಲ ಸೇರಿಸಿ ಚೀರಿದ.

ಸೈಲೆನ್ಸರು ಗುಡುಗಿತು. ಮೂರು ಗುಡ್ಡದಾಚೆಯ ಚರ್ಚಿನ ಗಂಟೆ ತಾನಾಗಿ ಅಲುಗಿತು.

"ಎಂಥಾ ಗಂಟಲು," ಎಂದ ಹಾರ್ಲೆಸ್, ಖುಷಿಯಿಂದ ಬಾನೆಟ್ಟು ಇಳಿಸುತ್ತ. ಸೀಟು ಖಾಲಿಯಿತ್ತು. "ಮಾರಿದೋನು ಎಲ್ಲಿ ಹೋದ, ಅಜ್ಜಿ?"

ಲೂಡಿ ಹುರುಳಿಕಾಯಿಯಿಂದ ತಲೆಯೆತ್ತಲಿಲ್ಲ.

"ಗಾಡಿ ಜತೆಗೇ ಬರ್ತಾನೆ. ಕಾಲಕಾಲಕ್ಕೆ ಎಣ್ಣೆ ಹಾಕ್ತಿರಪ್ಪ."