ವಾಣಿಶ್ರೀ ಆರಿಸಿದ ಸಿನಿಮಾ

"ಇದನ್ನ ಯಾರ್ರೀ ಆರಿಸಿದ್ದು?"

ಭೀಮರಾಜ್ ಕೈಯಲ್ಲಿದ್ದ ಡಿಸ್ಕನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಕೇಳಿದ. ದನಿಯಲ್ಲಿ ನಗುವಿತ್ತು. ಆ ನಗು ವಾಣಿಶ್ರೀಯ ಕೆನ್ನೆಗೆ ಬಾರಿಸಿದಂತಾಯಿತು.

"ನಾನು!" ಎಂದು ಎದ್ದು ನಿಂತಳು.

ಅದು 2003. ತುಮಕೂರಿನ ಚಿತ್ರ ಸಮಾಜದವರು ಬ್ರಿಟಿಷ್ ಸಿನಿಮಾಗಳ ಹಬ್ಬ ಮಾಡಲು ಹೊರಟಿದ್ದರು. ಸದಸ್ಯರು ತಮಗೆ ತುಂಬಾ ಇಷ್ಟವಾದ ಒಂದೊಂದು ಸಿನಿಮಾ ಆರಿಸಬೇಕು. ಅದು ಶುರುವಾಗುವ ಮುಂಚೆ ವೇದಿಕೆಗೆ ಬಂದು, ಯಾಕಿಷ್ಟ ಎಂದು ಕನ್ನಡದಲ್ಲಿ ಹೇಳಬೇಕು. ಅಧ್ಯಕ್ಷರಾದ ರಿಟೈರ್ಡ್ ಹೆಡ್‌ಮಾಸ್ಟರ್ ರಾಮಾಂಜಿನಯ್ಯನವರು ಹಡಗಿನ ಯುದ್ಧದ ಸಿನಿಮಾ ಹೇಳಿದ್ದರು. ಟೀಚರ್ ಮುನವ್ವರಾ ಸೋಮಾರಿ ಪಾದ್ರಿಯೊಬ್ಬನ ತಮಾಷೆ ಸಿನಿಮಾ ಹೇಳಿದ್ದಳು. ಕಾರ್ಯದರ್ಶಿ ಭೀಮರಾಜನದು ರಾಣಿ, ಅರಮನೆ, ದೊಡ್ಡ ದೊಡ್ಡ ಮಾತು.

ಮುನವ್ವರಾಳ ಶಾಲೆಯಲ್ಲೇ ಟೀಚರ್ ಆಗಿದ್ದ, ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ವಾಣಿಶ್ರೀ ಆರಿಸಿದ್ದು ಒಬ್ಬ ಬೇಕರಿಯವನ ಕಥೆ.

"ಬ್ರೆಡ್ ಮಾಡೋನ ಕಥೆ ಯಾರ್ರೀ ನೋಡ್ತಾರೆ? ಇದು ಫೆಸ್ಟಿವಲ್ ಸಿನಿಮಾ ಅಲ್ಲ."

"ನಿಮಗಿಷ್ಟವಾದ ಸಿನಿಮಾ ಹೇಳಿ ಅಂದ್ರಿ. ಫೆಸ್ಟಿವಲ್ ಸಿನಿಮಾ ಹೇಳಿ ಅನ್ಲಿಲ್ಲ. ನೀವು ಪೂರ್ತಿ ನೋಡಿದೀರಾ?"

"ಅರ್ಧ..."

"ಹಾಗಾದ್ರೆ ಅರ್ಧ ಮಾತಾಡಿ ಸಾರ್!"

ಇಡೀ ಸಭೆ ನಕ್ಕಿತು. ಭೀಮರಾಜ್ ನಾಲಿಗೆ ಕಚ್ಚಿಕೊಂಡ. 'ಅಬ್ಬಾ, ಏನು ಬಾಯಿ ಈ ಹುಡ್ಗೀದು!' ಎಂದುಕೊಂಡರೂ ಕಣ್ಣು ಮಾತ್ರ ಅವಳ ಮೇಲಿಂದ ಕದಲಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ, ಶೆಟ್ಟಿಹಳ್ಳಿಯ ಅವನ ಸೀಡಿ ಅಂಗಡಿಯಲ್ಲಿ ಸಣ್ಣ ಟೀವಿಯ ಮುಂದೆ ಮೂವರೂ ಕೂತರು. ಜೊತೆಗಿರಲಿ ಎಂದು ಮುನವ್ವರಾಳನ್ನು ವಾಣಿಶ್ರೀ ಎಳೆದುಕೊಂಡು ಬಂದಿದ್ದಳು.

ಬೇಕರಿಯವನಿಗೂ ಹೆಂಡತಿಗೂ ವರ್ಷಗಳಿಂದ ಮಾತಿಲ್ಲ. ಒಂದೇ ಮನೆ, ಎರಡು ಮೌನ. ಅವಳಿಗೆ ಆಪರೇಷನ್ ಆಗುತ್ತದೆ, ಕೈ ಮೇಲೆತ್ತಲು ಬರುವುದಿಲ್ಲ. ಕೊನೆಯ ದೃಶ್ಯದಲ್ಲಿ ಅವಳು ಬಚ್ಚಲಲ್ಲಿ ಒಂದೇ ಕೈಯಲ್ಲಿ ಗುಂಡಿ ಬಿಚ್ಚಲು ಒದ್ದಾಡುತ್ತಿರುವಾಗ ಅವನು ಬರುತ್ತಾನೆ. ಏನೂ ಹೇಳದೆ ಅಂಗಿಯ ತೋಳು ಮಡಚಿ ಅವಳ ಬೆನ್ನು ಉಜ್ಜುತ್ತಾನೆ. ಅವಳು ಅಳುತ್ತಾಳೆ. ಅಷ್ಟೇ. ಸಿನಿಮಾ ಮುಗಿಯುತ್ತದೆ.

ಭೀಮರಾಜ್ ಡಿಸ್ಕ್ ತೆಗೆದು ಜೋಪಾನವಾಗಿ ಕವರಿಗೆ ಹಾಕಿದ.

"ನಮ್ ಕಡೆ ಗಂಡನ ಬೆನ್ನು ಹೆಂಡ್ತಿ ಉಜ್ತಾಳೆ," ಎಂದಳು ವಾಣಿಶ್ರೀ ಮೆಲ್ಲಗೆ. "ಒಬ್ಬ ಗಂಡಸು ಉಜ್ಜಿದ್ದು ನಾನು ನೋಡೇ ಇಲ್ಲ. ಅದಕ್ಕೇ ಆರಿಸ್ದೆ."

"ನಾನು ಸೋತೆ ಕಣ್ರೀ..."

ಸೋತವನು ಅಲ್ಲಿಗೇ ನಿಲ್ಲಲಿಲ್ಲ. ಸಂಜೆ ಬಸ್ ಸ್ಟ್ಯಾಂಡಿನವರೆಗೆ ಬಿಡಲು ಬರತೊಡಗಿದ. 'ರೀ' ಹೋಗಿ 'ವಾಣಿ' ಬಂತು. ಹಬ್ಬ ಹತ್ತಿರವಾಗುವಷ್ಟರಲ್ಲಿ ಇಬ್ಬರೂ ಮನೆಯವರಿಗೆ ಮದುವೆಯ ವಿಷಯ ಹೇಳಿಯೂ ಆಗಿತ್ತು!

"ಅಮ್ಮನ್ನ ಶೋಗೇ ಕರ್ಕೊಂಡು ಬರ್ತೀನಿ ವಾಣಿ. ನೀನು ಮಾತಾಡೋದನ್ನ ನೋಡ್ಲಿ. ನಿಮ್ಮಪ್ಪನೂ ಬರ್ಲಿ. ಅಲ್ಲೇ ಮಾತಾಡಿ ಮುಗಿಸೋಣ."

"ನಂಗೆ ಭಯ ಆಗುತ್ತೆ..."

"ನಾನಿದೀನಲ್ಲ!"

'ನಾನಿದೀನಲ್ಲ'... ಹೆಣ್ಣುಮಕ್ಕಳು ಎಷ್ಟು ಸುಲಭವಾಗಿ ನಂಬಿಬಿಡುತ್ತಾರೆ ಈ ಮಾತನ್ನು!

ಆ ದಿನ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಭೀಮರಾಜನ ತಾಯಿ ಕಲ್ಲಮ್ಮ ಹೊಸ ಸೀರೆ ಉಟ್ಟು ಕೂತಿದ್ದರು. ಸ್ವಲ್ಪ ಹಿಂದೆ, ಗುಬ್ಬಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ವಾಣಿಶ್ರೀಯ ಅಪ್ಪ ಮೂಡಲಗಿರಿಯಪ್ಪ, ಇಸ್ತ್ರಿ ಮಾಡಿದ ಶರ್ಟಿನಲ್ಲಿ. ಹಾಲಿನ ಹಿಂಬದಿಯಲ್ಲಿ ಬಾಡಿಗೆ ಪ್ರೊಜೆಕ್ಟರ್, ಅದರ ಪಕ್ಕ ಭೀಮರಾಜ್. ಅವನ ಕೈಯಳತೆಯಲ್ಲಿ ಒಂದು ರಟ್ಟು. ಸಂಸಾರಸ್ಥರು ಬರುವ ಶೋ ಅಲ್ಲವೇ! ಮುಜುಗರದ ದೃಶ್ಯ ಬಂದರೆ ಲೆನ್ಸಿನ ಮುಂದೆ ರಟ್ಟು ಹಿಡಿಯುವುದು ಸಮಾಜದ ಹಳೆಯ ಅಭ್ಯಾಸ.

ವಾಣಿಶ್ರೀ ಮೈಕಿನ ಮುಂದೆ ನಿಂತಳು.

"ಕೊನೇ ದೃಶ್ಯ ದಯವಿಟ್ಟು ನೋಡಿ. ಅದೊಂದಕ್ಕೋಸ್ಕರ ನಾನು ಈ ಸಿನಿಮಾನ ಆರಿಸಿದೀನಿ."

ಚಪ್ಪಾಳೆ ಬಿತ್ತು. ಕಲ್ಲಮ್ಮನವರೂ ತಟ್ಟಿದರು. ಅವಳ ಜೀವ ಹಗುರಾಯಿತು.

ಕೊನೆಯ ದೃಶ್ಯ ಬಂತು. ಬಚ್ಚಲು... ಹೆಂಡತಿಯ ಕೈ ಮೊದಲ ಗುಂಡಿಗೆ ಹೋಯಿತು... ಬಾಗಿಲಲ್ಲಿ ಗಂಡನ ನೆರಳು...

ಪರದೆ ಕಪ್ಪಾಯಿತು!

ಚಿತ್ರ ಹೋಯಿತು, ಶಬ್ದ ಹೋಗಲಿಲ್ಲ. ಸ್ಪೀಕರುಗಳು ಹಾಲಿನ ಆ ತುದಿಯಲ್ಲಿ, ಪರದೆಯ ಪಕ್ಕದಲ್ಲಿದ್ದವು. ಕತ್ತಲೆಯಲ್ಲಿ ನೀರಿನ ಸದ್ದು. ಗಂಡಸಿನ ಉಸಿರು. ಹೆಂಗಸಿನ ಬಿಕ್ಕು, ಅಳುವೋ ಇನ್ನೇನೋ ತಿಳಿಯದಂಥ ಬಿಕ್ಕು.

"ಏನ್ಲಾ ನಡೀತಾ ಐತೆ ಒಳ್ಗೆ?" ಎಂದು ಯಾರೋ ಕೂಗಿದರು. ಒಂದು ಸೀಟಿ ಬಿತ್ತು.

"ಟೀಚರಮ್ಮ ಇದ್ಕೇನಾ ಆರ್ಸಿದ್ದು!"

ಹಾಲಿಗೆ ಹಾಲೇ ಗೊಳ್ಳೆಂದಿತು. ವಾಣಿಶ್ರೀ ಪರದೆಯತ್ತ ತಿರುಗಿದಳು. ಪರದೆಯ ಮೂಲೆಯಲ್ಲಿ ಇಷ್ಟೇ ಇಷ್ಟು ಬೆಳಕಿತ್ತು. ಆ ಬೆಳಕಿನಲ್ಲಿ ರಟ್ಟಿನ ಅಂಚು, ಅದನ್ನು ಹಿಡಿದ ಬೆರಳುಗಳ ನೆರಳು ಅವಳಿಗೆ ಕಂಡಿತು.

'ಅವನೇ... ಅವನೇ ಮುಚ್ಚಿದ!'

ಲೈಟ್ ಹಾಕುವಷ್ಟರಲ್ಲಿ ಕಲ್ಲಮ್ಮ ಸೆರಗು ಹೊದ್ದು ಎದ್ದು ನಡೆದಿದ್ದರು. ಅಪ್ಪ ತಲೆ ತಗ್ಗಿಸಿಕೊಂಡು ಹೊರಗೆ ಹೋಗುತ್ತಿದ್ದ. ಅವಳು ಪ್ರೊಜೆಕ್ಟರ್ ಹತ್ತಿರ ಓಡಿದಳು.

"ಏನಾಯ್ತು ಭೀಮ?"

ಅವನು ಮುಖ ಎತ್ತಲಿಲ್ಲ.

"ಡಿಸ್ಕು... ಸ್ಕ್ರಾಚ್ ಆಗ್ಬಿಟ್ಟಿತ್ತು."

"ಸರಿ. ಬಾ, ನಮ್ಮಪ್ಪಂಗೆ ಆ ದೃಶ್ಯದಲ್ಲಿ ಏನಿತ್ತು ಅಂತ ಹೇಳು. ನಿಮ್ಮಮ್ಮಂಗೂ ಹೇಳು."

"ನಾಳೆ ಹೇಳ್ತೀನಿ ವಾಣಿ. ಈಗ ಎಲ್ಲಾ ಕೋಪದಲ್ಲಿದ್ದಾರೆ."

ಆ ನಾಳೆ ಬರಲೇ ಇಲ್ಲ. ಆಮೇಲೆ ಅವನು ಎದುರು ಸಿಕ್ಕರೂ ವಾಣಿಶ್ರೀ ಮುಖ ಕೊಡಲಿಲ್ಲ.

ನೋಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನೋಡದೆ ಇದ್ದದ್ದೇ ಊರ ಬಾಯಿಗೆ ಹಬ್ಬವಾಯಿತು. ಅಲ್ಲಿ ಏನೇನು ನಡೆಯಿತೆಂದು ಒಬ್ಬೊಬ್ಬರೂ ತಮಗೆ ತೋಚಿದ್ದನ್ನು ಸೇರಿಸಿದರು. ಶಾಲೆಯ ಆಡಳಿತದವರು ಅವಳನ್ನು ಕರೆದು "ಮಕ್ಕಳ ತಂದೆ ತಾಯಿ ಕೇಳ್ತಾರಮ್ಮ" ಎಂದರು. ಬ್ಲೌಸ್ ಹೊಲಿಸಲು ಬರುವ ಹೆಂಗಸರು ಮೂಡಲಗಿರಿಯಪ್ಪನ ಅಂಗಡಿಯ ಮುಂದೆಯೇ ಪಿಸುಗುಟ್ಟಿದರು. ಅಪ್ಪ ಮಗಳನ್ನು ಬೈಯಲಿಲ್ಲ. ಅವಳ ಮುಖ ನೋಡುವುದನ್ನು ಬಿಟ್ಟ. ಬೈದಿದ್ದರೇ ಚೆನ್ನಾಗಿತ್ತು!

ವಾಣಿಶ್ರೀ ಹಟ ಹಿಡಿದು ಓದಿ, ಸರ್ಕಾರಿ ಕೆಲಸ ಹಿಡಿದು ಕುಣಿಗಲ್ ಸೇರಿದಳು. ಒಂಟಿ ರೂಮು, ತಾನೇ ಬೇಯಿಸಿಕೊಂಡ ಅನ್ನ. ಸಿನಿಮಾ ನೋಡುವುದನ್ನೇ ಬಿಟ್ಟಳು. 'ನನ್ನ ಆಯ್ಕೆಯ ಬಗ್ಗೆ ನಾಚಿಕೆಪಟ್ಟವನು ನನ್ನ ಬಗ್ಗೆಯೂ ನಾಚಿಕೆಪಟ್ಟಿದ್ದಾನೆ' ಎಂಬ ಯೋಚನೆ ಬಿಡದೆ ಬರುತ್ತಿತ್ತು.

ಐದು ವರ್ಷವಾದ ಮೇಲೆ, ಒಂದು ಸಂಜೆ, ಕುಣಿಗಲ್‌ನ ಶಾಲೆಯ ಗೇಟಿನ ಹೊರಗೆ ಅವನು ನಿಂತಿದ್ದ. ಕೆನ್ನೆ ಬತ್ತಿತ್ತು.

"ವಾಣಿ..."

"ಹೇಳಿ, ಭೀಮರಾಜ್ ಅವರೇ."

ಅವನಿಗೆ ಆ 'ಅವರೇ' ಚುಚ್ಚಿತು. ಚುಚ್ಚಲೆಂದೇ ಅಂದದ್ದು.

"ಅವತ್ತು ಡಿಸ್ಕ್ ಸ್ಕ್ರಾಚ್ ಆಗಿರ್ಲಿಲ್ಲ. ನಾನೇ ರಟ್ಟು ಹಿಡಿದೆ."

"ಗೊತ್ತು."

"ಗೊತ್ತಾ!"

"ನಿಮ್ಮ ಬೆರಳು ಪರದೆ ಮೇಲೆ ಕಾಣಿಸ್ತು. ಆವತ್ತೇ ಗೊತ್ತು."

ಅವನು ಗೇಟಿನ ಸರಳು ಹಿಡಿದುಕೊಂಡ. "ನಿಮ್ಮಪ್ಪಂಗೆ ಮುಜುಗರ ಆಗ್ಬಾರ್ದು ಅಂತ ಮುಚ್ಚಿದೆ ಅಂತ ನಂಗೆ ನಾನೇ ಹೇಳ್ಕೊಂಡು ತಿರುಗ್ದೆ. ಸುಳ್ಳು ಅದು. ನಮ್ಮಮ್ಮ ಮುಂದೆ ಕೂತಿದ್ಲು. 'ಇಂಥ ಪಿಕ್ಚರ್ ಆರ್ಸೋ ಹುಡ್ಗೀನಾ ನೀನು ತರೋದು' ಅಂತಾಳೆ ಅಂತ ಹೆದರ್ಕೊಂಡೆ. ನೀನು ನಂಗೆ ಮುಖ ಕೊಡ್ದೆ ಹೋದಾಗ, ನಮ್ಮಮ್ಮ ಎದ್ದು ಹೋದ್ಲು ಅಂತ ನಿಂಗೆ ಸಿಟ್ಟು, ನಾನು ಬೇಡ ಆದೆ ಅಂದ್ಕೊಂಡೆ. ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ."

"ನಾನು ಕಾದಿದ್ದು ನಿಮ್ಮಮ್ಮನ ಒಪ್ಪಿಗೆಗಲ್ಲ. ನೀವು ಎರಡು ಮಾತು ನಿಜ ಹೇಳ್ತೀರಾ ಅಂತ." ಇಷ್ಟು ದಿನ ತಡೆದಿದ್ದ ಕಣ್ಣೀರು ಈಗ ಇಳಿಯಿತು. "ಜನ ನಕ್ಕಿದ್ದು ನಂಗೆ ನೋವಾಗ್ಲಿಲ್ಲ. ನೀವು ಆ ನಗೂನ ಸುಮ್ನೆ ನೋಡ್ಕೊಂಡು ನಿಂತ್ರಿ!"

"ತಪ್ಪಾಯ್ತು ವಾಣಿ. ನಾನು ಇನ್ನೂ ನಿನ್ನೇ..."

"ಅದನ್ನ ಆಮೇಲೆ ಹೇಳಿ. ನಂಗೆ ಗೊತ್ತಿರೋದನ್ನ ನಂಗ್ಯಾಕೆ ಹೇಳ್ತೀರಾ? ಗೊತ್ತಿಲ್ದೋರಿಗೆ ಹೇಳಿ, ಹೋಗಿ. ನಮ್ಮಪ್ಪನ ಪಕ್ಕ ಕೂತು ಆ ದೃಶ್ಯ ತೋರ್ಸಿ. ಆಗುತ್ತಾ?"

ಅವನು ಹೂಂ ಎಂದು ತಲೆಯಾಡಿಸಿದ.

ಆ ಭಾನುವಾರ ವಾಣಿಶ್ರೀಯೂ ಗುಬ್ಬಿಯ ಮನೆಯಲ್ಲಿದ್ದಳು. ಬೆಳಿಗ್ಗೆ ಭೀಮರಾಜ್ ಬಂದಾಗ ತಾಯಿಯೂ ಜೊತೆಗಿದ್ದರು. ಇಲ್ಲಿಗೆ ಬರುವ ಮೊದಲು ಅಮ್ಮನಿಗೆ ಎಲ್ಲಾ ಹೇಳಿದ್ದ. ಕಲ್ಲಮ್ಮ ಬಿಗುಮಾನದಿಂದಲೇ ಚಾಪೆಯ ಮೇಲೆ ಕೂತರು. ಒಳಗಿನ ಮಂಚದಲ್ಲಿ ವಾಣಿಶ್ರೀಯ ಅಮ್ಮ ಚಿಕ್ಕಮಾರಮ್ಮ ಮಲಗಿದ್ದಳು. ಹಿಂದಿನ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು.

"ಸಾರ್, ಅವತ್ತು ಡಿಸ್ಕ್ ಕೆಟ್ಟಿರ್ಲಿಲ್ಲ. ನಾನೇ ಮುಚ್ಚಿದ್ದು. ನಿಮ್ ಮಗಳದ್ದು ಏನೂ ತಪ್ಪಿಲ್ಲ," ಎಂದ ಭೀಮರಾಜ್.

ಮೂಡಲಗಿರಿಯಪ್ಪ ಅವನನ್ನೇ ನೋಡಿದ. ಬೈಯಲಿಲ್ಲ, ಕೂರು ಎನ್ನಲೂ ಇಲ್ಲ. "ಹಾಕು," ಎಂದ.

ಟೀವಿಯಲ್ಲಿ ಬಚ್ಚಲು ಬಂತು. ಗುಂಡಿಗೆ ಹೋದ ಕೈ. ಬಾಗಿಲಲ್ಲಿ ಗಂಡ. ಅವನು ತೋಳು ಮಡಚಿದ, ನೀರು ಹೊಯ್ದ, ಉಜ್ಜಿದ. ಅವಳು ಅತ್ತಳು. ಕಲ್ಲಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು.

ಮೂಡಲಗಿರಿಯಪ್ಪ ಗೋಡೆಗೆ ಒರಗಿಬಿಟ್ಟ.

"ಇಷ್ಟೇನಾ?"

ಭೀಮರಾಜನ ಕಡೆ ತಿರುಗಿದ.

"ಇದನ್ನೇನಪ್ಪಾ ನೀನು ಮುಚ್ಚಿದ್ದು? ಒಳ್ಗೆ ಮಲ್ಗವ್ಳಲ್ಲ, ಅವ್ಳಿಗೆ ದಿನಾ ನಾನು ಮಾಡ್ತಿರೋದು ಇದೇಯಾ! ಇದುಕ್ಕೆ ನನ್ ಮಗ್ಳು ಐದು ವರ್ಷ ತಲೆ ತಗ್ಗಿಸ್ಕೊಂಡು ಓಡಾಡಿದ್ಲಾ? ಇದುಕ್ಕೆ ನಾನು... ನಾನು ಅವ್ಳ ಮುಖ ನೋಡ್ದಂಗೆ..."

ಮಗಳ ತಲೆಯ ಮೇಲೆ ಕೈಯಿಟ್ಟ. ವಾಣಿಶ್ರೀ ಅಪ್ಪನ ಎದೆಗೆ ಬಿದ್ದು ಮನಸಾರೆ ಅತ್ತಳು.

ಸಾಕಷ್ಟು ಹೊತ್ತಾದ ಮೇಲೆ ಹೊರಗೆ ಬಂದಳು. ಭೀಮರಾಜ್ ಜಗಲಿಯ ತುದಿಯಲ್ಲಿ ಒಬ್ಬನೇ ಕೂತಿದ್ದ. ಅವಳೂ ಕೂತಳು, ಸ್ವಲ್ಪ ದೂರದಲ್ಲಿ.

"ನಾನು ಮರೆಯಲ್ಲ ಕಣೋ," ಎಂದಳು.

"ಮರೀಬೇಡ."

"ಜಗಳ ಬಂದಾಗಲೆಲ್ಲ ಇದನ್ನೇ ಎತ್ತಿ ಆಡ್ತೀನಿ."

"ಎತ್ತಿ ಆಡು." ಅವನು ಅವಳತ್ತ ತಿರುಗಿದ. "ಪಕ್ಕದಲ್ಲೇ ಇದ್ದು ಎತ್ತಿ ಆಡು ವಾಣಿ... ಅಷ್ಟು ಸಾಕು."